ಹುಕ್ ಎಂದರೆ ಯಾರು?

ಎರಡನೇ ಮಹಾಯುದ್ಧದ ಪಾಠದಲ್ಲಿ ಜಪಾನ್ ಎಂದರೆ ಪರ್ಲ್ ಹಾರ್ಬರ್, ಆಮೇಲೆ ಹಿರೋಶಿಮಾ. ನಡುವೆ ಫಿಲಿಪ್ಪೀನ್ಸಿನ ಗದ್ದೆಗಳಲ್ಲಿ ನಡೆದದ್ದು ಪಾಠಕ್ಕೆ ಬರುವುದಿಲ್ಲ. ಆದರೆ ಅಲ್ಲಿಯ ಗೆರಿಲ್ಲಾಗಳ ಹೆಸರು ನಮ್ಮಂಥ ಭಾಷೆಯ ಮೇಷ್ಟ್ರುಗಳಿಗೆ ಒಳ್ಳೆಯ ಮೇವು: ಹುಕ್ಬಲಹಾಪ್.

ಇದು ಒಂದು ಪದವಲ್ಲ, ಒಂದು ವಾಕ್ಯದ ಗಂಟು. ತಗಾಲೊಗ್ ಭಾಷೆಯಲ್ಲಿ ‘ಹುಕ್ಬೊ ನಾಂಗ್ ಬಾಯನ್ ಲಾಬನ್ ಸಾ ಹಾಪೋನ್’, ಅಂದರೆ ಜಪಾನಿನ ವಿರುದ್ಧ ಜನರ ಸೇನೆ. ಹುಕ್ಬೊ ಸೇನೆ, ಲಾಬನ್ ವಿರೋಧ. ಹಾಪೋನ್ ಎಂಬುದು ಸ್ಪ್ಯಾನಿಶರು ಜಪಾನನ್ನು ಕರೆಯುವ ರೀತಿ; ಮುನ್ನೂರು ವರ್ಷಕ್ಕೂ ಮಿಕ್ಕಿ ಆಳಿದವರ ನಾಲಿಗೆ ಆ ಪದದಲ್ಲಿ ಉಳಿದುಕೊಂಡಿದೆ. ನಮಗೆ ಇಷ್ಟವಾದದ್ದು ಬಾಯನ್. ಊರು, ನಾಡು, ಜನ, ಎಲ್ಲವೂ ಅದೇ. ನಮ್ಮ ‘ನಾಡು’ ಇದಕ್ಕೆ ಹತ್ತಿರ. ಮೊದಲಕ್ಷರಗಳನ್ನು ಜೋಡಿಸುವ ಕ್ರಮವೂ ನಮಗೆ ಹೊಸದಲ್ಲ. ನೀಲಕಂಠೇಶ್ವರ ನಾಟ್ಯಸೇವಾ ಸಂಘ ನೀನಾಸಂ ಆಗಲಿಲ್ಲವೇ, ಹಾಗೆ.

1942ರ ಮಾರ್ಚ್ 29ರಂದು ಮಧ್ಯ ಲೂಸಾನಿನಲ್ಲಿ ಈ ಪಡೆ ಹುಟ್ಟಿತು. ನಾಯಕ ಲೂಯಿಸ್ ತಾರುಕ್. ಸೇರಿದವರಲ್ಲಿ ಹೆಚ್ಚಿನವರು ಧಣಿಗಳ ಗದ್ದೆ ಗೇಯುತ್ತಿದ್ದ ಗೇಣಿದಾರರು. ಯುದ್ಧ ಮುಗಿದು 1946ರಲ್ಲಿ ಸ್ವಾತಂತ್ರ್ಯವೂ ಬಂತು. ಅದೇ ವರ್ಷ ತಾರುಕ್ ಸಂಸತ್ತಿಗೆ ಆರಿಸಿ ಬಂದರೂ ಒಳಗೆ ಕೂರಲು ಬಿಡಲಿಲ್ಲ. ಗೇಣಿಯ ಜಗಳವೂ ತೀರಿರಲಿಲ್ಲ. ಮತ್ತೆ ಕೋವಿ ಹೊರಬಂತು. 1948ರಲ್ಲಿ ಸರಕಾರ ಸಂಘಟನೆಯನ್ನು ನಿಷೇಧಿಸಿತು.

ಈಗ ಎದುರಾಳಿ ಜಪಾನ್ ಅಲ್ಲವಲ್ಲ! ಆದ್ದರಿಂದ ಅವರು ಹೆಸರು ಬದಲಿಸಿ ‘ನಾಡನ್ನು ಬಿಡಿಸುವ ಸೇನೆ’ ಎಂದುಕೊಂಡರು. ಪತ್ರಿಕೆಗಳು, ಅಮೆರಿಕನ್ನರು ಮಾತ್ರ ಬರೀ ‘ಹುಕ್’ ಎನ್ನುತ್ತಲೇ ಹೋದರು. ನಾಲ್ಕು ತುಂಡಿನಲ್ಲಿ ಉಳಿದದ್ದು ಸೇನೆಯ ತುಂಡೊಂದೇ, ಅದೂ ಅರ್ಧ. ಬಾಯನ್ ಬಿದ್ದುಹೋಯಿತು. ಗೇಣಿ ಕೇಳುವ ರೈತನನ್ನು ಹೊಡೆಯುವುದಕ್ಕಿಂತ ‘ಹುಕ್’ ಒಬ್ಬನನ್ನು ಹೊಡೆಯುವುದು ಕೇಳಲು ಸುಲಭ ಎಂದು ನಮಗೆ ತೋರುತ್ತದೆ. ಹಾಗೆಂದು ಅವರ ಕೈಯೂ ಶುದ್ಧವಾಗಿರಲಿಲ್ಲ, ಅದನ್ನೂ ಮಕ್ಕಳಿಗೆ ಹೇಳಬೇಕು.

ಇವರನ್ನು ಮಣಿಸಿದ್ದು 1950ರಲ್ಲಿ ರಕ್ಷಣಾ ಮಂತ್ರಿಯಾದ ರಾಮೋನ್ ಮ್ಯಾಗ್ಸೆಸೆ. ಯುದ್ಧಕಾಲದಲ್ಲಿ ಅವರೂ ಜಪಾನಿನ ವಿರುದ್ಧ ಗೆರಿಲ್ಲಾ ಆಗಿದ್ದವರೇ. ಸೈನ್ಯದ ಜತೆಗೆ, ಶರಣಾದವರಿಗೆ ಮಿಂದನಾವೊದಲ್ಲಿ ಭೂಮಿ ಕೊಡುವ ಯೋಜನೆಯನ್ನೂ ತಂದರು. ಮುಂದೆ ಅಧ್ಯಕ್ಷರಾದರು. 1954ರಲ್ಲಿ ತಾರುಕ್ ಶರಣಾದರು. 1957ರಲ್ಲಿ ಮ್ಯಾಗ್ಸೆಸೆ ವಿಮಾನ ಅಪಘಾತದಲ್ಲಿ ತೀರಿಕೊಂಡ ಮೇಲೆ ಅವರ ಹೆಸರಿನಲ್ಲೇ ಪ್ರಶಸ್ತಿ ಹುಟ್ಟಿತು. 1991ರಲ್ಲಿ ಆ ಪ್ರಶಸ್ತಿ ಹೆಗ್ಗೋಡಿಗೆ ಬಂತು, ನೀನಾಸಂನ ಕೆ.ವಿ. ಸುಬ್ಬಣ್ಣನವರಿಗೆ.