ಹೊಸ ಇಂಜಿನ್ನಿಗೆ ಮೊದಲ ಸಾವಿರ ಕಿಲೋಮೀಟರ್

"ಈಗಿನ ಇಂಜಿನ್ನಿಗೆ ರನ್ನಿಂಗ್-ಇನ್ ಏನೂ ಬೇಕಾಗಿಲ್ಲ, ಅದೆಲ್ಲ ಅಂಬಾಸಿಡರ್ ಕಾಲದ ಮಾತು" ಅಂತ ಹೊಸ ಗಾಡಿ ತಗೊಂಡ ಹುಡುಗರು ಹೇಳ್ತಾರೆ. ಇನ್ನು ಕೆಲವರು ಇದಕ್ಕೆ ತದ್ವಿರುದ್ಧ. ಸಾವಿರ ಕಿ.ಮೀ. ಮುಗಿಯೋವರೆಗೂ ನಲವತ್ತರ ಮೇಲೆ ಓಡಿಸಲ್ಲ, ದಿನಾ ಬೆಳಗ್ಗೆ ಮನೆ ಮುಂದೆ ಅರ್ಧ ಗಂಟೆ ಸುಮ್ಮನೆ ಸ್ಟಾರ್ಟ್ ಮಾಡಿ ಬಿಟ್ಟಿರ್ತಾರೆ. ನನ್ನ ಪ್ರಕಾರ ಎರಡೂ ಸರಿಯಲ್ಲ.

ಸಿಲಿಂಡರಿನ ಒಳಗೋಡೆ ಕನ್ನಡಿ ತರ ನುಣುಪಾಗಿರಲ್ಲ. ಆಯಿಲ್ ನಿಲ್ಲಲಿ ಅಂತ ಕಾರ್ಖಾನೆಯಲ್ಲೇ ಅದರ ಮೇಲೆ ಅಡ್ಡಡ್ಡ ಸಣ್ಣ ಗೀರು ಹಾಕಿರ್ತಾರೆ. ಪಿಸ್ಟನ್ ರಿಂಗು ಓಡಾಡಿ ಆ ಗೀರುಗಳ ಚೂಪು ತುದಿ ಸವೆದಾಗ ರಿಂಗು, ಗೋಡೆ ಒಂದಕ್ಕೊಂದು ಸರಿಯಾಗಿ ಕೂರುತ್ತವೆ. ಈಗಿನ ಕಾರ್ಖಾನೆಗಳಲ್ಲಿ ಆ ತುದಿಗಳನ್ನೂ ಬಹುಪಾಲು ಸವರಿಯೇ ಕಳಿಸ್ತಾರೆ. ಹಾಗಾಗಿ ಕೆಲಸ ಕಮ್ಮಿಯಾಗಿದೆ, ಪೂರ್ತಿ ಮುಗಿದಿಲ್ಲ.

ರಿಂಗನ್ನು ಗೋಡೆಗೆ ಒತ್ತೋದು ಮುಖ್ಯವಾಗಿ ಒಳಗೆ ಉರಿಯೋ ಗ್ಯಾಸಿನ ಒತ್ತಡ. ಇಂಜಿನ್ನಿಗೆ ಕೆಲಸವೇ ಕೊಡದಿದ್ದರೆ ಆ ಒತ್ತಡ ಸಾಲಲ್ಲ. ಆಗ ರಿಂಗು ಕೂರುವ ಬದಲು ಗೋಡೆ ಮೇಲೆ ಆಯಿಲ್ ಸುಟ್ಟು ಗಾಜಿನಂಥ ಪದರ ಕಟ್ಟಬಹುದು. ಮುಂದೆ ಆಯಿಲ್ ಕುಡಿಯೋದು, ನೀಲಿ ಹೊಗೆ ಶುರು. ಅತಿಯಾಗಿ ಎಳೆಸಿದರೆ ಬಿಸಿ ಹೆಚ್ಚಾಗಿ ಗೋಡೆ ಗೀಚಿಕೊಳ್ಳುತ್ತೆ.

ಉಳಿ ಹೊಡೆಸಿದ ರಾಗಿ ಕಲ್ಲಲ್ಲಿ ನಮ್ಮಮ್ಮ ಮೊದಲು ಒಂದಿಷ್ಟು ತೌಡು, ನುಚ್ಚು ಹಾಕಿ ಬೀಸಿ ಆ ಹಿಟ್ಟನ್ನ ತಿಪ್ಪೆಗೆ ಸುರೀತಿದ್ರು. ಬರೀ ಕಲ್ಲು ತಿರುಗಿಸಿದ್ರೂ ಆಗಲ್ಲ, ಒಂದೇ ಸಲ ಸೇರು ರಾಗಿ ಸುರಿದ್ರೂ ಆಗಲ್ಲ. ಇದೂ ಹಾಗೇ.

ನನ್ನ ಅಕ್ಕನ ಮಗ ಸಾಲ ಮಾಡಿ ಹಳದಿ ಬೋರ್ಡ್ ಗಾಡಿ ತಗೊಂಡಾಗ ಈ ಮಾತು ಬಂತು. "ಮಾವ, ತಿಂಗಳಾದ್ರೆ ಕಂತು ಕಟ್ಟಬೇಕು. ಗಾಡಿ ಮುದ್ದು ಮಾಡ್ಕೊಂಡು ಕೂರೋಕಾಗುತ್ತಾ?" ಅಂದ. ಕೂರು ಅಂತ ಯಾರಪ್ಪ ಹೇಳಿದ್ದು ಅಂದೆ. ತಿಪಟೂರಿಂದ ಏರ್‌ಪೋರ್ಟಿಗೆ ಹೋಗಿ ಬಂದರೆ 300 ಕಿ.ಮೀ. ಆಸುಪಾಸು. ಮೂರ್ನಾಲ್ಕು ಬಾಡಿಗೆಗೆ ಸಾವಿರ ಮುಗೀತು. ಕಂತು 5 ವರ್ಷದ್ದು, ಜೋಪಾನ ಒಂದು ವಾರದ್ದು.

ಹೈವೇಲಿ ಒಂದೇ ಸ್ಪೀಡಲ್ಲಿ ಕಾಲಿಟ್ಟು ಕೂರಬೇಡ, 60ರಿಂದ 80ರವರೆಗೆ ಏರಿಸಿ ಇಳಿಸ್ತಾ ಇರು. ಬೆಳಗ್ಗೆ ಇಂಜಿನ್ ಬಿಸಿಯಾಗೋ ಮುಂಚೆ ರೇಸ್ ಮಾಡಬೇಡ. ಟಾಪ್ ಗೇರಲ್ಲಿ ಗಾಡಿ ಗೊರಗೊರ ಅಂದ್ರೆ ಗೇರ್ ಇಳಿಸು. ಇಷ್ಟೇ ಹೇಳಿದ್ದು.

ಆ ವಾರವೇ ಧರ್ಮಸ್ಥಳದ ಬಾಡಿಗೆ ಬಂತು. ಏಳು ಜನ, ಮೇಲೆ ಕ್ಯಾರಿಯರ್ ತುಂಬ ಲಗೇಜು, ಬರುವಾಗ ಶಿರಾಡಿ ಘಾಟಿ ಏರಬೇಕು. ಅದನ್ನ ಗೆಳೆಯನಿಗೆ ಬಿಟ್ಟುಕೊಟ್ಟ. ಒಳ್ಳೆ ದುಡ್ಡಿನ ಬಾಡಿಗೆ, ಬೇಜಾರೂ ಮಾಡಿಕೊಂಡ. ಈಗ ಗಾಡಿ 40 ಸಾವಿರ ಓಡಿದೆ. ಒಂದು ಸರ್ವೀಸಿಂದ ಇನ್ನೊಂದರವರೆಗೆ ಆಯಿಲ್ ಕಡ್ಡಿ ನೋಡಿದರೆ ಮಟ್ಟ ಇಳಿದಿರಲ್ಲ. ಇದೊಂದರಿಂದಲೇ ಅಂತ ನಾನು ಹೇಳಲ್ಲ. ಆದರೆ ಕೈಬಿಟ್ಟಿದ್ದು ಒಂದೇ ಬಾಡಿಗೆ. ಇಂಜಿನ್ ಬಿಚ್ಚಿಸಿದರೆ ಗಾಡಿ ವಾರಗಟ್ಟಲೆ ಗ್ಯಾರೇಜಲ್ಲಿ, ಕಂತು ಮಾತ್ರ ನಿಲ್ಲಲ್ಲ.

ನಮ್ಮ ಟ್ರ್ಯಾಕ್ಟರಿಗೆ ಲೆಕ್ಕ ಕಿಲೋಮೀಟರಲ್ಲಿ ಅಲ್ಲ, ಗಂಟೆಯಲ್ಲಿ. ಮೊದಲ ಸರ್ವೀಸ್ 50 ಗಂಟೆಗೆ. ಬಿತ್ತನೆ ಟೈಮು, "ಆಯಿಲ್ ಇನ್ನೂ ಚೆನ್ನಾಗೇ ಇದೆ, ಯಾಕೆ ಚೆಲ್ಲೋದು" ಅಂತ ಮುಂದೂಡೋರು ಬಹಳ. ಆ ಮೊದಲ ಆಯಿಲಲ್ಲಿ ಸವೆದ ಲೋಹದ ಪುಡಿ ಇರುತ್ತೆ ಸ್ವಾಮಿ. ಅದು ತಿಪ್ಪೆಗೆ ಹೋಗಬೇಕಾದ ಮೊದಲ ಹಿಟ್ಟು. ಕಾರಿನ ಆಯಿಲ್ ಯಾವಾಗ ಬದಲಿಸಬೇಕು ಅನ್ನೋದು ಗಾಡಿಯಿಂದ ಗಾಡಿಗೆ ಬೇರೆ, ಕಂಪನಿ ಕೊಟ್ಟ ಪುಸ್ತಕದಲ್ಲಿ ಬರೆದಿರುತ್ತೆ. ಹೊಸ ಬ್ರೇಕು, ಹೊಸ ಟೈರೂ ಹಿಡಿತಕ್ಕೆ ಬರೋಕೆ ಮೊದಲ ಕೆಲವು ನೂರು ಕಿ.ಮೀ. ಬೇಕು, ಮುಂದಿನ ಗಾಡಿಗೆ ಅಂತರ ಜಾಸ್ತಿ ಬಿಡಿ.

ಆ ಪುಸ್ತಕವನ್ನ ಬೀರುವಲ್ಲಿ ಆರ್‌ಸಿ ಜೊತೆ ಬೀಗ ಹಾಕಿ ಇಡಬೇಡಿ. ಗಾಡಿ ಓಡಿಸೋದು ನೀವಲ್ಲ, ಡ್ರೈವರ್ ಅಂದ್ರೆ ಅವನಿಗೆ ಮೊದಲನೇ ದಿನವೇ ಓದಿ ಹೇಳಿ.