ಕಾಟಿಪಳ್ಳದಿಂದ ಬಜಪೆಗೆ, ಬಜಪೆಯಿಂದ ಬಾನಿಗೆ

ಮಂಗಳೂರಿನಿಂದ ಉತ್ತರಾಭಿಮುಖವಾಗಿ ಹೆದ್ದಾರಿ ಹಿಡಿದು, ಪಣಂಬೂರು, ಬೈಕಂಪಾಡಿಗಳನ್ನು ದಾಟಿ, ಸುರತ್ಕಲ್ಲಿನಲ್ಲಿ ಬಲಕ್ಕೆ ಹೊರಳಿದರೆ ಕೃಷ್ಣಾಪುರ, ಕಾಟಿಪಳ್ಳಗಳ ಮನೆಸಾಲುಗಳು ಎದುರಾಗುತ್ತವೆ. ಹೊಸದಾಗಿ ಬಂದವನು ವಿಳಾಸ ವಿಚಾರಿಸಿದರೆ ಇಲ್ಲಿ ದೊರೆಯುವ ಉತ್ತರ ಬೀದಿಯ ಹೆಸರಲ್ಲ, ಬ್ಲಾಕಿನ ಸಂಖ್ಯೆ. ಹಳ್ಳಿಯಂತೆ ತಾನಾಗಿ ಬೆಳೆಯದೆ, ನಕ್ಷೆ ಹಾಕಿ ನೆಲೆಗೊಳಿಸಿದ ಊರು ಇದೆಂಬುದನ್ನು ಆ ಸಂಖ್ಯೆಗಳೇ ಸಾರುತ್ತವೆ. 1960ರ ದಶಕದಲ್ಲಿ ಪಣಂಬೂರಿನ ಕಡಲತಡಿಯಲ್ಲಿ ನವಮಂಗಳೂರು ಬಂದರಿಗೆಂದು ನೆಲ ಬೇಕಾದಾಗ, ಅಲ್ಲಿ ತಲೆತಲಾಂತರದಿಂದ ಬಾಳಿದ ಕುಟುಂಬಗಳಿಗೆ ಬದಲಿ ನೆಲೆಯೆಂದು ತೋರಿಸಿದ ಜಾಗಗಳಲ್ಲಿ ಕಾಟಿಪಳ್ಳವೂ ಒಂದು. ನಾಡಿಗೆ ಹಡಗು ಬರಲೆಂದು ತಮ್ಮ ಮನೆ, ತೆಂಗು, ಬಾವಿಗಳನ್ನು ಬಿಟ್ಟು ಬಂದವರು ಅವರು. ತುಳು, ಬ್ಯಾರಿ, ಕೊಂಕಣಿ ಮಾತುಗಳು ಒಂದೇ ಅಂಗಡಿಯ ಮುಂದೆ ಕೇಳಿಬರುವ ಈ ಊರಿಗೆ, ದೊಡ್ಡ ಸಾರಿಗೆಯ ಬೆಲೆ ಏನೆಂಬುದನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಬಂದರು ಒಂದು ಕಡೆಗಾದರೆ, ವಿಮಾನ ನಿಲ್ದಾಣ ಇನ್ನೊಂದು ಕಡೆಗೆ. ಬಜಪೆಯ ಗುಡ್ಡ ಕಾಟಿಪಳ್ಳಕ್ಕೆ ದೂರವಲ್ಲ. ಮನೆಯ ಒಬ್ಬನಾದರೂ ಕೊಲ್ಲಿ ದೇಶಗಳಲ್ಲಿ ದುಡಿಯುವ ಸಂಸಾರಗಳು ಇಲ್ಲಿ ಹೇರಳವಾಗಿರುವುದರಿಂದ, ವಿಮಾನವೆಂದರೆ ಇಲ್ಲಿಯವರಿಗೆ ಸಿರಿವಂತರ ಶೋಕಿಯಲ್ಲ. ಅದು ಹೊಟ್ಟೆಪಾಡಿನ ವಾಹನ. ಆದರೆ ಕಡಲಾಚೆಗೆ ಹಾರುವ ದೊಡ್ಡ ವಿಮಾನದ ಮಾತು ಬೇರೆ; ಬೆಂಗಳೂರಿಗೋ ಸಮೀಪದ ಇನ್ನೊಂದು ಪಟ್ಟಣಕ್ಕೋ ಹಾರುವ ಪುಟ್ಟ ವಿಮಾನದ ಮಾತು ಬೇರೆ. ಘಟ್ಟವನ್ನು ಒಂದು ಗಂಟೆಯಲ್ಲಿ ದಾಟಿಸುವ ಈ ಕಿರಿಯ ಸಂಸ್ಥೆಗಳನ್ನು ನಂಬಬಹುದೇ? ನಂಬುವುದಾದರೆ ಎಲ್ಲಿಯವರೆಗೆ? ಬೆಂಗಳೂರಿನ ಆಸ್ಪತ್ರೆಗೆ ತಾಯಿಯನ್ನು ಕರೆದೊಯ್ಯಬೇಕಾದ ಮಗನಿಗೂ, ಮರುದಿನ ಬೆಳಿಗ್ಗೆ ಉದ್ಯೋಗದ ಸಂದರ್ಶನಕ್ಕೆ ಹಾಜರಾಗಬೇಕಾದ ಹುಡುಗಿಗೂ ಇದು ಬರಿಯ ಹರಟೆಯ ಪ್ರಶ್ನೆಯಲ್ಲ.

ಡಕೋಟದಿಂದ ಎಟಿಆರ್‌ವರೆಗೆ

ಬಜಪೆಯ ನಿಲ್ದಾಣ ಆರಂಭವಾದುದು 1951ರ ಡಿಸೆಂಬರ್ 25ರಂದು. ಪ್ರಧಾನಿ ಜವಾಹರಲಾಲ್ ನೆಹರೂ ಅವರು ಅಂದು ಬಂದಿಳಿದದ್ದು ಡಗ್ಲಾಸ್ ಡಿಸಿ-3, ಅಂದರೆ ಜನರ ಬಾಯಲ್ಲಿ ‘ಡಕೋಟ’ ಎನಿಸಿದ ವಿಮಾನದಲ್ಲಿ. ಬಂದರು, ಹೆದ್ದಾರಿ, ಸುರತ್ಕಲ್ಲಿನ ಇಂಜಿನಿಯರಿಂಗ್ ಕಾಲೇಜುಗಳಂತೆಯೇ ಈ ನಿಲ್ದಾಣದ ಹಿಂದೆಯೂ ಲೋಕಸಭಾ ಸದಸ್ಯರಾಗಿದ್ದ ಉಳ್ಳಾಲ ಶ್ರೀನಿವಾಸ ಮಲ್ಯರ ಛಲವಿತ್ತು. ಆ ಕಾಲಕ್ಕೆ ದೇಶದ ವಿಮಾನ ಸಾರಿಗೆ ಹಲವು ಸಣ್ಣಪುಟ್ಟ ಖಾಸಗಿ ಕಂಪೆನಿಗಳ ಕೈಯಲ್ಲಿತ್ತು. 1953ರಲ್ಲಿ ಎಂಟು ಕಂಪೆನಿಗಳನ್ನು ಒಂದುಗೂಡಿಸಿ ಇಂಡಿಯನ್ ಏರ್‌ಲೈನ್ಸ್ ಸ್ಥಾಪಿಸಿದ ಮೇಲೆ ಬಹುಕಾಲ ಆಕಾಶವೆಲ್ಲ ಸರ್ಕಾರದ್ದೇ ಆಯಿತು.

ಸಣ್ಣ ಊರುಗಳಿಗೆ ಪ್ರತ್ಯೇಕ ಸೇವೆ ಬೇಕೆಂಬ ಅರಿವು 1981ರಲ್ಲಿ ‘ವಾಯುದೂತ್’ ಸಂಸ್ಥೆಯ ರೂಪ ತಾಳಿತು. ಮೊದಲು ಈಶಾನ್ಯ ರಾಜ್ಯಗಳಿಗೆಂದು ಹುಟ್ಟಿದ ಅದು ದೇಶದ ಉದ್ದಗಲಕ್ಕೂ ರೆಕ್ಕೆ ಚಾಚಿ, ನಷ್ಟದ ಭಾರ ತಾಳಲಾರದೆ 1993ರಲ್ಲಿ ಇಂಡಿಯನ್ ಏರ್‌ಲೈನ್ಸಿನಲ್ಲಿ ಲೀನವಾಯಿತು. ಮುಂದಿನ ಅಧ್ಯಾಯ ಕನ್ನಡಿಗರೊಬ್ಬರದು. ಸೈನ್ಯದಿಂದ ನಿವೃತ್ತರಾಗಿ, ಹಾಸನ ಜಿಲ್ಲೆಯಲ್ಲಿ ಬೇಸಾಯ ಮಾಡಿದ್ದ ಕ್ಯಾಪ್ಟನ್ ಜಿ. ಆರ್. ಗೋಪಿನಾಥರು 2003ರ ಆಗಸ್ಟಿನಲ್ಲಿ ಏರ್ ಡೆಕ್ಕನ್ ಆರಂಭಿಸಿದಾಗ, ಅವರ ಬಳಿ ಇದ್ದುದು ಪಂಕದಿಂದ ಹಾರುವ ಪುಟ್ಟ ಎಟಿಆರ್ ವಿಮಾನಗಳು. ಮುಂದೆ 1 ರೂಪಾಯಿಯ ಟಿಕೆಟ್ಟನ್ನೂ ಮಾರಿ ಬೆರಗುಗೊಳಿಸಿದ ಆ ಸಂಸ್ಥೆ, ಬಸ್ಸಿನಲ್ಲೂ ರೈಲಿನಲ್ಲೂ ಓಡಾಡುತ್ತಿದ್ದ ಗೃಹಸ್ಥನಿಗೆ ವಿಮಾನದ ಮೆಟ್ಟಿಲು ಹತ್ತಿಸಿತು. ಆದರೆ ಅದರ ಆಯುಸ್ಸೂ ದೀರ್ಘವಾಗಲಿಲ್ಲ. ಅದು ಕಿಂಗ್‌ಫಿಷರ್ ಸಂಸ್ಥೆಯ ಪಾಲಾಯಿತು. ಆ ಕಿಂಗ್‌ಫಿಷರ್ 2012ರಲ್ಲಿ ಹಾರಾಟವನ್ನೇ ನಿಲ್ಲಿಸಿತು.

ಪುಟ್ಟ ವಿಮಾನದ ಸುಖ

ಪುಟ್ಟ ವಿಮಾನಕ್ಕೆ ತನ್ನದೇ ಆದ ಗುಣಗಳಿವೆ. ಸುಮಾರು 70 ಜನರನ್ನು ಹೊರುವ ಎಟಿಆರ್-72 ವಿಮಾನಕ್ಕೆ ದೊಡ್ಡ ಜೆಟ್ಟಿಗೆ ಬೇಕಾಗುವಷ್ಟು ಉದ್ದದ ರನ್‌ವೇ ಬೇಡ. ಅದರ ವೇಗ ಗಂಟೆಗೆ ಸುಮಾರು 500 ಕಿಲೋಮೀಟರ್. ಜೆಟ್ಟಿನದು 800ಕ್ಕೂ ಮಿಗಿಲು. ಆದರೆ ಮಂಗಳೂರಿನಿಂದ ಬೆಂಗಳೂರಿಗೆ ನೇರ ಅಂತರ ಸುಮಾರು 300 ಕಿಲೋಮೀಟರ್ ಮಾತ್ರ. ಇಷ್ಟು ಕಿರುದಾರಿಯಲ್ಲಿ ಏರಿ ಇಳಿಯುವುದರಲ್ಲೇ ಹೊತ್ತು ಕಳೆಯುವುದರಿಂದ, ಜೆಟ್ಟಿನ ವೇಗದ ಹೆಚ್ಚುಗಾರಿಕೆ ಕೆಲವೇ ನಿಮಿಷಗಳಿಗೆ ಇಳಿಯುತ್ತದೆ; ಇಂಧನವನ್ನಾದರೋ ಪಂಕದ ವಿಮಾನ ಬಹಳ ಕಡಿಮೆ ಕುಡಿಯುತ್ತದೆ. ಸಣ್ಣ ಸಂಸ್ಥೆಗಳು ಇದನ್ನೇ ಆರಿಸಿಕೊಳ್ಳುವುದರ ಗುಟ್ಟು ಇದೇ.

ಪ್ರಯಾಣಿಕನಿಗೆ ಇನ್ನೊಂದು ಲಾಭವುಂಟು. ಈ ವಿಮಾನದ ರೆಕ್ಕೆ ಕಿಟಕಿಗಳ ಮೇಲುಗಡೆ ಇರುವುದರಿಂದ ನೋಟಕ್ಕೆ ಅಡ್ಡಿಯಿಲ್ಲ. ಹಾರುವ ಎತ್ತರವೂ ಕಡಿಮೆ. ಶುಭ್ರ ದಿನದಂದು ಕರಾವಳಿಯ ತೆಂಗಿನ ತೋಪುಗಳು, ಹೊಳೆಗಳ ತಿರುವುಗಳು, ಆಮೇಲೆ ಗೋಡೆಯಂತೆ ಏಳುವ ಪಶ್ಚಿಮ ಘಟ್ಟದ ಕಾಡು, ಅದರಾಚೆ ಹಾಸನದ ಕಡೆಯ ಕೆರೆಗಳು ಒಂದಾದ ಮೇಲೊಂದು ಬಿಚ್ಚಿಕೊಳ್ಳುತ್ತವೆ. ಮಕ್ಕಳಿಗೆ ಭೂಗೋಳದ ಪಾಠವನ್ನು ಇದಕ್ಕಿಂತ ಚೆನ್ನಾಗಿ ಯಾವ ಶಾಲೆ ಹೇಳಿಕೊಟ್ಟೀತು? ಹಿಂಬದಿಯ ಪುಟ್ಟ ಬಾಗಿಲಿನಿಂದ ಹತ್ತಿ ಇಳಿಯುವ ಕೆಲಸವೂ ಬೇಗ ಮುಗಿಯುತ್ತದೆ. ಜನ ಕಡಿಮೆಯಾದುದರಿಂದ ಪೆಟ್ಟಿಗೆಗಾಗಿ ಕಾಯುವುದೂ ಕಡಿಮೆ.

ಮಳೆಗಾಲದಲ್ಲಂತೂ ವಿಮಾನದ ಬೆಲೆ ತಿಳಿಯುತ್ತದೆ. ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದು, ಬಸ್ಸು ಲಾರಿಗಳು ಸಾಲುಗಟ್ಟಿ ನಿಲ್ಲುವುದು ಕರಾವಳಿಯವರಿಗೆ ಹೊಸದಲ್ಲ. 2018ರ ಮಳೆಯಲ್ಲಿ ಆ ಹೆದ್ದಾರಿ ಬಹುದಿನ ಮುಚ್ಚಿತ್ತು. ಸಕಲೇಶಪುರ–ಸುಬ್ರಹ್ಮಣ್ಯದ ರೈಲುಹಾದಿಯ ಮೇಲೂ ಮಣ್ಣು ಕುಸಿಯುವುದುಂಟು. ಅಂಥ ದಿನಗಳಲ್ಲಿ ಘಟ್ಟದ ನೆತ್ತಿಯ ಮೇಲಿಂದ ಹಾರುವ ವಿಮಾನವೇ ಗತಿ.

ಪುಟ್ಟ ಸಂಸ್ಥೆಯ ಕಷ್ಟ

ಇನ್ನು ನಾಣ್ಯದ ಇನ್ನೊಂದು ಮುಖ. ನೂರಾರು ವಿಮಾನಗಳಿರುವ ಸಂಸ್ಥೆಯಲ್ಲಿ ಒಂದು ಕೆಟ್ಟರೆ ಇನ್ನೊಂದನ್ನು ತರಿಸಬಹುದು. ಮೂರೋ ನಾಲ್ಕೋ ವಿಮಾನಗಳನ್ನು ಮಾತ್ರ ಇಟ್ಟುಕೊಂಡ ಸಂಸ್ಥೆಗೆ ಆ ಭಾಗ್ಯವಿಲ್ಲ. ಒಂದೇ ವಿಮಾನ ಬೆಳಿಗ್ಗೆಯಿಂದ ರಾತ್ರಿಯವರೆಗೆ ಐದಾರು ಊರುಗಳನ್ನು ಸುತ್ತುತ್ತದೆ. ಬೆಳಿಗ್ಗೆ ಎಲ್ಲೋ ಮಂಜು ಕವಿದು ಒಂದು ಗಂಟೆ ತಡವಾದರೆ ಸಂಜೆಯ ಹೊತ್ತಿಗೆ ಅದು ಮೂರು ಗಂಟೆಯಾಗಿ ಬೆಳೆದಿರುತ್ತದೆ. ಕೊನೆಯ ಹಾರಾಟ ರದ್ದಾದರೂ ಆಯಿತು. ದಿನಕ್ಕೆ ಒಂದೇ ಸಲ ಹಾರುವ ಮಾರ್ಗವಾದರೆ ಮುಂದಿನ ವಿಮಾನ ನಾಳೆಯೇ.

ಸಂಸ್ಥೆಯ ಆಯುಸ್ಸಿನ ಚಿಂತೆ ಇದಕ್ಕಿಂತ ದೊಡ್ಡದು. ಬೆಂಗಳೂರನ್ನು ನೆಲೆಯಾಗಿಸಿಕೊಂಡ ಏರ್ ಪೆಗಾಸಸ್ 2015ರ ಏಪ್ರಿಲಿನಲ್ಲಿ ಹುಬ್ಬಳ್ಳಿಯ ಹಾರಾಟದೊಂದಿಗೆ ಆರಂಭವಾಗಿ, ಹಣದ ಮುಗ್ಗಟ್ಟಿನಿಂದ 2016ರ ಜುಲೈಯಲ್ಲಿ ನಿಂತುಹೋಯಿತು. 2020ರ ಫೆಬ್ರವರಿಯಲ್ಲಿ ಬೀದರಿಗೆ ಮೊದಲ ವಿಮಾನ ತಂದ ಟ್ರೂಜೆಟ್ 2022ರಲ್ಲಿ ಕಣ್ಮುಚ್ಚಿತು. ಬೀದರ್ ಮತ್ತೊಂದು ಸಂಸ್ಥೆಗಾಗಿ ಕಾಯಬೇಕಾಯಿತು. ಸಂಸ್ಥೆ ಮುಳುಗಿದಾಗ ಮುಂಗಡ ಟಿಕೆಟ್ಟಿನ ಹಣ ಸಾಲಗಾರರ ಸಾಲಿನಲ್ಲಿ ಕೊನೆಗೆ ನಿಲ್ಲುತ್ತದೆಂಬುದನ್ನು ಮರೆಯಬಾರದು.

ಸರ್ಕಾರದ ಊರುಗೋಲೂ ಎಲ್ಲರನ್ನೂ ನಡೆಸಿಲ್ಲ. 2016ರಲ್ಲಿ ಪ್ರಕಟವಾಗಿ, 2017ರ ಏಪ್ರಿಲಿನಲ್ಲಿ ಮೊದಲ ಹಾರಾಟ ಕಂಡ ‘ಉಡಾನ್’ ಯೋಜನೆ ಒಂದು ಗಂಟೆಯ ಹಾರಾಟಕ್ಕೆ ಸುಮಾರು 2,500 ರೂಪಾಯಿಯ ಮಿತಿ ಹಾಕಿ, ಅದರಿಂದಾಗುವ ಕೊರತೆಯನ್ನು ಮೂರು ವರ್ಷ ತುಂಬಿಕೊಡಲು ಒಪ್ಪಿತು. ಆದರೆ 2023ರ ಮಹಾಲೇಖಪಾಲರ ವರದಿಯ ಪ್ರಕಾರ, ಯೋಜನೆಯ ಮೊದಲ ಮೂರು ಹಂತಗಳಲ್ಲಿ ಮಂಜೂರಾದ 774 ಮಾರ್ಗಗಳಲ್ಲಿ 403 ಆರಂಭವೇ ಆಗಲಿಲ್ಲ. ಆರಂಭವಾದ 371ರಲ್ಲಿ ಮೂರು ವರ್ಷ ಪೂರೈಸಿದವು 112 ಮಾತ್ರ. ಅದರಾಚೆಗೂ ಉಳಿದವು 54. ಅಂಕಿಗಳು ಒಣಗಿದ್ದರೂ ಅವುಗಳ ಹಿಂದೆ ಮನೆಮನೆಗಳ ನಿರಾಶೆಯಿದೆ. ವಿಮಾನವಿದೆಯೆಂದು ನಂಬಿ ಹೊಸ ವ್ಯಾಪಾರ ಹೂಡಿದವನು, ದೂರದಲ್ಲಿ ಮಗಳನ್ನು ಕೊಟ್ಟವನು, ಒಂದು ಬೆಳಗ್ಗೆ ಮಾರ್ಗವೇ ಇಲ್ಲವೆಂದು ತಿಳಿದಾಗ ಏನು ಮಾಡಬೇಕು?

ಸಣ್ಣ ತೊಂದರೆಗಳೂ ಇಲ್ಲದಿಲ್ಲ. ತಲೆಯ ಮೇಲಿನ ಗೂಡು ಕಿರಿದು. ಸಾಮಾನಿನ ತೂಕಕ್ಕೆ ಕಟ್ಟುನಿಟ್ಟು. ಊರಿನಿಂದ ಹೊರಡುವಾಗ ಕುಚ್ಚಲಕ್ಕಿ, ಹಲಸಿನ ಹಪ್ಪಳ, ಉಪ್ಪಿನಕಾಯಿಗಳ ಗಂಟು ಕಟ್ಟದೆ ಕಳುಹಿಸುವ ತಾಯಿ ಕರಾವಳಿಯಲ್ಲಿಲ್ಲ. 15 ಕಿಲೋ ಮೀರಿದ ಪ್ರತಿಯೊಂದು ಕಿಲೋಗೂ ದಂಡ ತೆತ್ತರೆ, ಅಗ್ಗದ ಟಿಕೆಟ್ಟು ಅಗ್ಗವಾಗಿ ಉಳಿಯುವುದಿಲ್ಲ. ಒಣ ಕೊಬ್ಬರಿಯನ್ನಂತೂ ಬೇಗ ಹೊತ್ತಿಕೊಳ್ಳುವ ವಸ್ತುವೆಂದು ತಡೆಯುತ್ತಾರೆ.

ಗಂಟೆಗಳ ಲೆಕ್ಕ

ಬೆಂಗಳೂರಿಗೆ ಒಂದೇ ಗಂಟೆಯೆಂಬ ಮಾತನ್ನೂ ಒಮ್ಮೆ ತೂಗಿ ನೋಡಬೇಕು. ಕಾಟಿಪಳ್ಳದ ಮನೆಯಿಂದ ನಿಲ್ದಾಣಕ್ಕೆ ಮುಕ್ಕಾಲು ಗಂಟೆ, ಅಲ್ಲಿ ಎರಡು ಗಂಟೆ ಮುಂಚಿತವಾಗಿ ಹಾಜರಿ, ಹಾರಾಟಕ್ಕೆ ಒಂದು ಗಂಟೆ, ಪೆಟ್ಟಿಗೆ ಪಡೆಯಲು ಅರ್ಧ ಗಂಟೆ, ದೇವನಹಳ್ಳಿಯಿಂದ ಪೇಟೆಗೆ ಒಂದೂವರೆ ಗಂಟೆ. ಒಟ್ಟಿನಲ್ಲಿ ಆರು ಗಂಟೆಗೆ ಕಾಲು ಗಂಟೆಯಷ್ಟೇ ಕಡಿಮೆ. ಬೆಂಗಳೂರಿನ ನಿಲ್ದಾಣ 2008ರಲ್ಲಿ ಊರೊಳಗಿನಿಂದ ದೇವನಹಳ್ಳಿಗೆ ಸ್ಥಳಾಂತರವಾದ ಮೇಲೆ ಕಿರುಹಾರಾಟದ ಲಾಭ ಅಷ್ಟರಮಟ್ಟಿಗೆ ಕರಗಿತು. ರಾತ್ರಿಯ ಬಸ್ಸು ಸುಮಾರು ಎಂಟು ಗಂಟೆ ತೆಗೆದುಕೊಂಡರೂ ಆ ಹೊತ್ತು ನಿದ್ದೆಯಲ್ಲಿ ಕಳೆಯುತ್ತದೆ. ಆರೋಗ್ಯವಂತ ತರುಣನಿಗೆ ಬಸ್ಸೇ ಸಾಕು. ಘಟ್ಟದ ತಿರುವುಗಳಲ್ಲಿ ಬೆನ್ನು ನೋಯಿಸಿಕೊಳ್ಳಲಾರದ ವೃದ್ಧೆಗೆ, ಶಸ್ತ್ರಚಿಕಿತ್ಸೆ ಮುಗಿಸಿ ಮರಳುವ ರೋಗಿಗೆ ಆ ಒಂದು ಗಂಟೆ ವರವೇ ಸರಿ.

ಗುಡ್ಡದ ನೆತ್ತಿಯ ನಿಲ್ದಾಣ

ಬಜಪೆಯ ನಿಲ್ದಾಣ ಗುಡ್ಡದ ನೆತ್ತಿಯನ್ನು ಮಟ್ಟಮಾಡಿ ಕಟ್ಟಿದುದು. ರನ್‌ವೇಯ ತುದಿಗಳಾಚೆಗೆ ಇಳಿಜಾರು. 1981ರ ಆಗಸ್ಟ್ 19ರಂದು ಇಂಡಿಯನ್ ಏರ್‌ಲೈನ್ಸಿನ ಪುಟ್ಟ ಆವ್ರೋ ವಿಮಾನ ಮಳೆಯಲ್ಲಿ ನೆನೆದ ಹಳೆಯ ರನ್‌ವೇಯನ್ನು ಮೀರಿ ಹೋಗಿ ಕಣಿವೆಯ ಅಂಚಿನಲ್ಲಿ ನಿಂತಿತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. 2006ರಲ್ಲಿ 2,450 ಮೀಟರ್ ಉದ್ದದ ಹೊಸ ರನ್‌ವೇ ಬಂದಿತು. ಅದೇ ವರ್ಷ ದುಬೈಗೆ ನೇರ ವಿಮಾನವೂ ಆರಂಭವಾಯಿತು. ಆದರೆ 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ಬೋಯಿಂಗ್ ವಿಮಾನ ಅದನ್ನೂ ಮೀರಿ ಕಣಿವೆಗೆ ಉರುಳಿ, 158 ಮಂದಿ ಪ್ರಾಣ ತೆತ್ತರು. ಉಳಿದವರು ಎಂಟೇ ಜನ. ಕರಾವಳಿಯ ಎಷ್ಟೋ ಮನೆಗಳಿಗೆ ಅದು ಮಾಯದ ಗಾಯ.

ಆ ದುರಂತದ ತನಿಖೆ ಒಂದು ಪಾಠವನ್ನು ಹೇಳಿತು: ಇಳಿಯುವ ಕ್ರಮ ಸರಿಯಿಲ್ಲವೆಂದು ಕಂಡಾಗ ಮತ್ತೆ ಮೇಲಕ್ಕೇರಬೇಕಿತ್ತು, ಸಹಪೈಲಟ್ ಹಾಗೆಂದು ಎಚ್ಚರಿಸಿದರೂ ಅದು ನಡೆಯಲಿಲ್ಲ. ಆದ್ದರಿಂದ ಮಳೆಯ ದಿನ ವಿಮಾನ ಇಳಿಯದೆ ಎರಡು ಸುತ್ತು ಸುತ್ತಿದರೆ, ಕಣ್ಣೂರಿಗೋ ಬೆಂಗಳೂರಿಗೋ ತಿರುಗಿಹೋದರೆ ಪ್ರಯಾಣಿಕರು ಸಿಡಿಮಿಡಿಗೊಳ್ಳುವುದು ಸಲ್ಲ. ಅಪಾಯವು ವಿಮಾನದ ಗಾತ್ರದಲ್ಲಿಲ್ಲ, ಅವಸರದಲ್ಲಿದೆ. ತಡವಾಗಿ ಬಂದ ವಿಮಾನ, ಬಾರದೇ ಹೋದ ವಿಮಾನಕ್ಕಿಂತ ಸಾವಿರ ಪಾಲು ಮೇಲು.

ಹೊರಡುವ ಮುನ್ನ

ಹಾಗಾದರೆ ಗೃಹಸ್ಥನು ಏನು ಮಾಡಬೇಕು? ಕೊಲ್ಲಿಗೆ ಹೋಗುವ ವಿಮಾನವನ್ನು ಬೇರೊಂದು ಊರಿನಲ್ಲಿ ಹಿಡಿಯಬೇಕಾದವನು ಎರಡೂ ಪ್ರಯಾಣವನ್ನು ಒಂದೇ ಟಿಕೆಟ್ಟಿನಲ್ಲಿ ಪಡೆಯುವುದು ಲೇಸು. ಬೇರೆ ಬೇರೆ ಟಿಕೆಟ್ಟಾದರೆ ಮೊದಲನೆಯದು ತಡವಾದುದಕ್ಕೆ ಎರಡನೆಯವನು ಹೊಣೆಯಾಗುವುದಿಲ್ಲ. ತಪ್ಪಿಸಲಾಗದ ಕೆಲಸವಿದ್ದರೆ ದಿನದ ಕೊನೆಯ ವಿಮಾನವನ್ನು ನೆಚ್ಚದೆ ಬೆಳಗಿನದನ್ನು ಹಿಡಿಯಬೇಕು. ಅದು ರದ್ದಾದರೂ ರಾತ್ರಿಯ ಬಸ್ಸು ಕೈಯಲ್ಲಿರುತ್ತದೆ. ಹಾರಾಟ ರದ್ದಾದರೆ ಬೇರೆ ವಿಮಾನವನ್ನೋ ಪೂರ್ತಿ ಹಣವನ್ನೋ ಕೇಳುವ ಹಕ್ಕು ಪ್ರಯಾಣಿಕನಿಗಿದೆ. ಹವಾಮಾನದ ಕಾರಣವಾದರೆ ಅದರ ಮೇಲೆ ಪರಿಹಾರ ಮಾತ್ರ ದೊರೆಯದು. ಪುಟ್ಟ ವಿಮಾನ ಬೇರೆ, ಪುಟ್ಟ ಸಂಸ್ಥೆ ಬೇರೆಯೆಂಬುದನ್ನೂ ಗಮನಿಸಬೇಕು: ಇಂಡಿಗೋದಂಥ ದೊಡ್ಡ ಸಂಸ್ಥೆಯೂ 2017ರ ಡಿಸೆಂಬರಿನಿಂದ ಎಟಿಆರ್ ಹಾರಿಸುತ್ತಿದೆ; ಅಲ್ಲಿ ಒಂದು ಹಾರಾಟ ತಪ್ಪಿದರೆ ಇನ್ನೊಂದು ಸಿಕ್ಕುವ ಸಂಭವ ಹೆಚ್ಚು. ಹೊಸದಾಗಿ ಹುಟ್ಟಿದ ಸಂಸ್ಥೆಯಲ್ಲಾದರೆ ಆರು ತಿಂಗಳ ಮುಂಚಿನ ಅಗ್ಗದ ಟಿಕೆಟ್ಟಿಗೆ ಮನಸೋಲದೆ, ಪ್ರಯಾಣದ ದಿನ ಹತ್ತಿರವಾದಾಗ ಕೊಳ್ಳುವುದು ಜಾಣತನ.

ಇಷ್ಟೆಲ್ಲ ಹೇಳಿದರೂ ಪುಟ್ಟ ಸಂಸ್ಥೆಗಳು ಬೇಡವೆಂದು ಯಾರೂ ಅನ್ನಲಾರರು. ದೊಡ್ಡವರು ಲಾಭವಿಲ್ಲವೆಂದು ಬಿಟ್ಟ ಊರುಗಳ ಬಾಗಿಲನ್ನು ತಟ್ಟಿದವರು ಅವರೇ. ವಾಯುದೂತ್ ಹೋಯಿತು, ಡೆಕ್ಕನ್ ಹೋಯಿತು. ಆದರೆ ಅವು ಮೂಡಿಸಿದ ಅಭ್ಯಾಸ ಉಳಿಯಿತು. ಬಂದರಿಗಾಗಿ ನೆಲ ಬಿಟ್ಟ ಕಾಟಿಪಳ್ಳದಂಥ ಊರಿನ ಜನರಿಗೆ ಸಾರಿಗೆಯಿಂದ ಬರಬೇಕಾದ ಋಣ ದೊಡ್ಡದು. ಹೇಳಿದ ಹೊತ್ತಿಗೆ ಹೊರಡುವ, ಹೇಳಿದ ಊರಿಗೆ ಕ್ಷೇಮವಾಗಿ ಇಳಿಸುವ, ಮುಂದಿನ ವರ್ಷವೂ ಇರುವ ಒಂದು ಪುಟ್ಟ ವಿಮಾನ ಆ ಋಣದ ಒಂದು ಕಂತಾದರೂ ಆದೀತು.