ಮಂಜೀರಾ ಸೀಮೆಯ ಧೂಳೂ ಮೈಸೂರಿನ ಹಳೆಯ ಯೆಜ್ಡಿಯೂ

ತೊಗರಿಯ ರಾಶಿ ಮುಗಿಯುವ ಹೊತ್ತಿಗೆ ನಾಗಲಗಿದ್ದದ ಹೊಲದ ದಾರಿಗಳು ಹಿಟ್ಟಿನಂತಾಗಿಬಿಡುತ್ತವೆ. ಮಳೆಗಾಲದಲ್ಲಿ ಗಾಲಿಗೆ ಮೆತ್ತಿಕೊಂಡು ಎತ್ತುಗಳನ್ನೇ ನಿಲ್ಲಿಸುವ ಕರಿಮಣ್ಣು, ಬಿಸಿಲಿಗೆ ಒಣಗಿ, ಟ್ರ್ಯಾಕ್ಟರುಗಳ ಅಡಿಯಲ್ಲಿ ನುರಿದು, ಸಣ್ಣ ಗಾಳಿಗೂ ಮೇಲೇಳುತ್ತದೆ. ಜಹೀರಾಬಾದಿನ ಕಡೆಯ ಜಂಬಿಟ್ಟಿಗೆಯ ನೆಲವನ್ನು ಹಾದುಬಂದ ವಾಹನದ ಮೇಲೆ ಕೆಂಪು ಧೂಳು. ಮಂಜೀರಾ ನದಿಯ ಕಡೆಯಿಂದ ಬಂದುದರ ಮೇಲೆ ಬೂದುಗಪ್ಪು ಧೂಳು. ಯಾರು ಯಾವ ದಾರಿಯಿಂದ ಬಂದರೆಂದು ಕೇಳಬೇಕಾದ ಅಗತ್ಯವೇ ಇಲ್ಲ.

1956ರ ನವೆಂಬರ್ 1ರವರೆಗೆ ನಾರಾಯಣಖೇಡವೂ ಜಹೀರಾಬಾದೂ ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಗೂ, ತಾಂಡೂರು ಗುಲಬರ್ಗಾ ಜಿಲ್ಲೆಗೂ ಸೇರಿದ್ದವು. ಗಡಿ ಬದಲಾಯಿತು, ಮನೆಯ ಮಾತು ಬದಲಾಗಲಿಲ್ಲ. ಬೀದರಿನ ಸಂತೆಗೂ ನೆಂಟಸ್ತಿಕೆಗೂ ಜನ ಈಗಲೂ ಅದೇ ದಾರಿಗಳಲ್ಲಿ ಓಡಾಡುತ್ತಾರೆ. ಅಂಥ ದಾರಿಗಳಿಗೆ ಹೊಂದಿದ ಬಂಡಿಗಳಲ್ಲೊಂದು ಯೆಜ್ಡಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಮೋಟಾರು ಸೈಕಲುಗಳನ್ನು ತಯಾರಿಸಿತು. 1970ರ ದಶಕದಲ್ಲಿ ಜಾವಾ ಎಂಬ ಹೆಸರು ಹೋಗಿ ಯೆಜ್ಡಿ ಬಂತು. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. ಆ ಹಳೆಯ ಬಂಡಿಗಳನ್ನು ಇಂದಿಗೂ ಬಿಡದವರು ಕೆಲವರಿದ್ದಾರೆ. ಮುಂದಿನ ಮಡ್‌ಗಾರ್ಡನ್ನು ಎತ್ತರಿಸಿ, ಗುಬಟುಗಳುಳ್ಳ ಟಯರ್ ಹಾಕಿಸಿ, ಮಣ್ಣಿನ ದಾರಿಗೆಂದೇ ಅವನ್ನು ಸಜ್ಜುಗೊಳಿಸುವವರೂ ಇದ್ದಾರೆ. ಹೀಗೆ ಸಜ್ಜುಗೊಳಿಸುವಾಗ ಕಾರ್ಬುರೇಟರಿನ ಹಿಂದೆ ಸ್ಪಂಜಿನ ಏರ್ ಫಿಲ್ಟರ್ ಕೂರಿಸುವುದು ವಾಡಿಕೆ. ಶಾಲೆಯ ವಿಜ್ಞಾನ ಪುಸ್ತಕದ ಮಾತಿನಲ್ಲಿ ಹೇಳುವುದಾದರೆ ಗಾಳಿಯ ಶೋಧಕ. ಗ್ಯಾರೇಜಿನಲ್ಲಿ ಹಾಗೆಂದರೆ ಯಾರೂ ತಿರುಗಿ ನೋಡಲಾರರು.

ಈ ಸ್ಪಂಜು ಕೆಟ್ಟರೆ ಆಗುವ ಹಾನಿ ಸಣ್ಣದಲ್ಲ. ಯೆಜ್ಡಿಯದು ಟೂ ಸ್ಟ್ರೋಕ್ ಎಂಜಿನ್. ಒಳಗೆಳೆದುಕೊಂಡ ಗಾಳಿ ನೇರವಾಗಿ ಸಿಲಿಂಡರಿಗೆ ಹೋಗುವುದಿಲ್ಲ; ಪೆಟ್ರೋಲು ಮತ್ತು ಎಣ್ಣೆಯೊಡನೆ ಬೆರೆತು ಮೊದಲು ಕ್ರ್ಯಾಂಕ್ ಕೋಣೆಗೆ ಇಳಿಯುತ್ತದೆ, ಅಲ್ಲಿಂದ ಮೇಲೇರುತ್ತದೆ. ಆದ್ದರಿಂದ ಧೂಳು ಬೇರಿಂಗುಗಳನ್ನೂ ತಿನ್ನುತ್ತದೆ, ಪಿಸ್ಟನ್ನಿನ ರಿಂಗುಗಳನ್ನೂ ತಿನ್ನುತ್ತದೆ. ಧೂಳಿನಲ್ಲಿರುವ ಸ್ಫಟಿಕದ ಹರಳು ಗಡಸುತನದ ಮಾಪನದಲ್ಲಿ 7ನೆಯದು. ಸಿಲಿಂಡರಿನ ಬೀಡುಕಬ್ಬಿಣಕ್ಕಿಂತ ಗಟ್ಟಿ. ಎಣ್ಣೆಯಲ್ಲಿ ಕಲಸಿದ ಆ ಪುಡಿ ಅರಗಲ್ಲಿನಂತೆ ಒಳಗೋಡೆಯನ್ನು ಸವೆಸುತ್ತದೆ. ಸವೆದ ಸಿಲಿಂಡರನ್ನು ಅಗಲಗೊಳಿಸಿ ದೊಡ್ಡ ಪಿಸ್ಟನ್ ಹಾಕಬಹುದು. ಮತ್ತೊಮ್ಮೆ ಸವೆದರೆ ಇನ್ನೂ ದೊಡ್ಡದು. ಆದರೆ ಆ ಮೆಟ್ಟಿಲುಗಳು ಕೆಲವೇ. ಕೊನೆಯದಕ್ಕೆ ಮುಟ್ಟಿದ ಮೇಲೆ ಹೊಸ ಲೈನರ್ ಹಾಕಿಸಬೇಕು, ಇಲ್ಲವೇ ಬಂಡಿಯನ್ನು ಗುಜರಿಗೆ ಕೊಡಬೇಕು. ಹೆತ್ತ ಕಾರ್ಖಾನೆಯೇ ಇಲ್ಲದ ಬಂಡಿಗೆ ಒಂದೊಂದು ಮೆಟ್ಟಿಲೂ ಆಯುಷ್ಯದ ಲೆಕ್ಕ.

ಇದನ್ನು ತಡೆಯುವ ಕೆಲಸಕ್ಕೆ ಬೇಕಾದುದು ಬಹಳವೇನಿಲ್ಲ: ಸೀಮೆಎಣ್ಣೆ, ಸೋಪಿನ ಪುಡಿ, ಬಿಸಿನೀರು, ಫಿಲ್ಟರ್ ಎಣ್ಣೆ ಮತ್ತು ಅರ್ಧ ದಿನದ ತಾಳ್ಮೆ. ಸ್ಪಂಜನ್ನು ಬಿಚ್ಚಿದ ಕೂಡಲೇ ಕಾರ್ಬುರೇಟರಿನ ಬಾಯಿಗೆ ಶುಭ್ರವಾದ ಬಟ್ಟೆ ಕಟ್ಟಬೇಕು. ಬಿಚ್ಚುವಾಗ ಉದುರುವ ಧೂಳೇ ಒಳಗೆ ಬಿದ್ದರೆ ತೊಳೆದು ಫಲವೇನು? ಸೀಮೆಎಣ್ಣೆಯಲ್ಲಿ ಹಳೆಯ ಎಣ್ಣೆ ಬಿಡಿಸಿ, ಬಳಿಕ ಸೋಪಿನ ನೀರಿನಲ್ಲಿ ತೊಳೆಯಬೇಕು. ಪೆಟ್ರೋಲಿನಲ್ಲಿ ಅದ್ದುವವರಿದ್ದಾರೆ, ಅದು ಅಂಚಿನ ಅಂಟನ್ನು ಕರಗಿಸುತ್ತದೆ, ಬೆಂಕಿಯ ಭಯ ಬೇರೆ. ಅವಸರದ ಹುಡುಗರು ಸ್ಪಂಜನ್ನು ಒದ್ದೆ ಬಟ್ಟೆಯಂತೆ ತಿರುಚುವುದನ್ನು ಕಂಡರೆ ಹಿರಿಯ ಮೇಸ್ತ್ರಿಗಳಿಗೆ ತಡೆಯಲಾಗದು.

“ತಿರುಚಬ್ಯಾಡಪ್ಪಾ, ಹರೀತದ. ಎರಡೂ ಅಂಗೈ ನಡುವ ಇಟ್ಟು ಒತ್ತು.”

“ಕಾಕಾ, ಬಿಸಲಾಗ ಇಟ್ರ ಲಗೂನ ಒಣಗತದಲ್ಲ?”

“ಒಣಗತದ, ಮತ್ತ ಪುಡಿನೂ ಆಗತದ. ನೆಳ್ಳಾಗ ಇಡು.”

ಹಳೆಯ ಬಂಡಿಗಳಲ್ಲಿ ಈ ಮಾತಿಗೆ ಹೆಚ್ಚಿನ ತೂಕವಿದೆ. ವರ್ಷಗಳ ಬಿಸಿಗೆ ಸ್ಪಂಜು ಹೊರಗೆ ನೆಟ್ಟಗೆ ಕಂಡರೂ ಒಳಗೆ ಪುಡಿಯಾಗತೊಡಗಿರುತ್ತದೆ. ಧೂಳನ್ನು ತಡೆಯಲೆಂದು ಇಟ್ಟುದು ತಾನೇ ಧೂಳಾಗಿ ಎಂಜಿನ್ನಿನೊಳಗೆ ಹೋಗುತ್ತದೆ. ಬೆರಳಿನಿಂದ ಉಜ್ಜಿದಾಗ ಕಣ ಉದುರಿದರೆ ಅದನ್ನು ಎಸೆದು ಬೇರೆ ಕತ್ತರಿಸಿ ಹಾಕುವುದೊಂದೇ ದಾರಿ.

ಪೂರ್ತಿ ಒಣಗಿದ ಮೇಲೆ ಎಣ್ಣೆಯ ಸರದಿ. ಒಣಗಿದ ಸ್ಪಂಜಿನ ರಂಧ್ರಗಳು ನವಿರಾದ ಧೂಳನ್ನು ನಿಲ್ಲಿಸಲಾರವು. ಅದನ್ನು ಹಿಡಿಯುವುದು ಎಣ್ಣೆಯ ಅಂಟು. ಈ ಗುಟ್ಟು ಇಲ್ಲಿನ ರೈತರಿಗೆ ಹೊಸದೇನಲ್ಲ: ಹಳೆಯ ಟ್ರ್ಯಾಕ್ಟರುಗಳ ಏರ್ ಕ್ಲೀನರಿನ ತಳದಲ್ಲಿ ಎಣ್ಣೆಯ ಬಟ್ಟಲೇ ಇರುತ್ತದೆ, ಅದರಲ್ಲಿ ಕೂತ ಕೆಸರನ್ನು ಅವರು ಎಷ್ಟು ಸಲ ಚೆಲ್ಲಿದ್ದಾರೋ. ಎಣ್ಣೆಯನ್ನು ಸ್ಪಂಜಿನ ಎಲ್ಲ ಕಡೆಗೂ ಹರಡಿ, ಹೆಚ್ಚಾದುದನ್ನು ಒತ್ತಿ ತೆಗೆಯಬೇಕು. ತೊಟ್ಟಿಕ್ಕುವಷ್ಟು ಉಳಿದರೆ ಗಾಳಿ ಕಟ್ಟಿಕೊಂಡು, ಪ್ಲಗ್ ಕಪ್ಪಾಗಿ, ಬಂಡಿ ಹೊಗೆಯುಗುಳುತ್ತದೆ. ಅಂಚಿಗೆ ತೆಳ್ಳಗೆ ಗ್ರೀಸ್ ಸವರಿ ಕೂರಿಸಿದರೆ ಸಂದಿಯಿಂದ ಧೂಳು ನುಸುಳದು. ಫಿಲ್ಟರಿನಿಂದ ಕಾರ್ಬುರೇಟರಿಗೆ ಹೋಗುವ ರಬ್ಬರಿನ ಕೊಳವೆ ಬಿರಿದಿದೆಯೇ ಎಂದು ಮಡಚಿ ನೋಡುವುದನ್ನು ಹಲವರು ಮರೆಯುತ್ತಾರೆ. ಫಿಲ್ಟರನ್ನೇ ಕಿತ್ತೆಸೆದು ಓಡಿಸಿದರೆ ವೇಗ ಹೆಚ್ಚುತ್ತದೆಂದು ನಂಬಿದ ಯುವಕರೂ ಉಂಟು. ಕಾರ್ಬುರೇಟರನ್ನು ಹೊಂದಿಸದೆ ಹಾಗೆ ಮಾಡಿದಾಗ ಗಾಳಿ ಮಿತಿಮೀರಿ, ಎಂಜಿನ್ ಕಾದು, ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳುವುದುಂಟು.

ಎಷ್ಟು ದಿನಕ್ಕೊಮ್ಮೆ ತೊಳೆಯಬೇಕೆಂಬುದಕ್ಕೆ ಡಾಂಬರು ರಸ್ತೆಯ ಲೆಕ್ಕ ಇಲ್ಲಿ ನಡೆಯದು. ರಾಶಿಯ ಕಾಲದಲ್ಲಿ ಹೊಲದ ದಾರಿಯನ್ನೇ ನಂಬಿದ ಬಂಡಿಗೆ ವಾರವೂ ದೀರ್ಘವೇ. ಸ್ಪಂಜು ಒಣಗಲು ಸಮಯ ಬೇಕಾದ್ದರಿಂದ ಬಲ್ಲವರು ಎರಡನ್ನು ಇಟ್ಟುಕೊಂಡು, ಒಂದನ್ನು ಶನಿವಾರ ಸಂಜೆಯೇ ತೊಳೆದು ನೆರಳಿಗೆ ತೂಗುಹಾಕುತ್ತಾರೆ. ಸೋಮವಾರ ಬೆಳಿಗ್ಗೆ ಅದೇ ಯೆಜ್ಡಿಯ ಹಿಂದಿನ ಸೀಟಿನಲ್ಲಿ ಮಕ್ಕಳು ಶಾಲೆಗೆ ಹೋಗಬೇಕಾಗಿರುತ್ತದೆ. ಬಂಡಿಯ ಪಕ್ಕದ ಡಬ್ಬಿ ತೆರೆದು, ಒಳಕೊಳವೆಗೆ ಬಿಳಿಯ ಬಟ್ಟೆ ಸವರಿ, ಅದರಲ್ಲಿ ಕೆಂಪೋ ಕಪ್ಪೋ ಅಂಟಿದೆಯೇ ಎಂದು ನೋಡಿಕೊಂಡ ಬಳಿಕವೇ ಕಿಕ್ಕಿಗೆ ಕಾಲು.